ಬ್ರೇಕ್‌ಫಾಸ್ಟ್ ಕ್ಲಬ್‌ಗೆ ಸ್ಪಾನ್ಸರ್ ಹುಡುಕೋದು ಹೆಂಗೆ?

ಮಂಡ್ಯಹುಡ್ಗ:
ನಾವಿರೋದು ಇಂಗ್ಲೆಂಡಲ್ಲಿ, ಲೀಡ್ಸ್ ಹತ್ರ. ಮಗಳ ಪ್ರೈಮರಿ ಸ್ಕೂಲಲ್ಲಿ ಬ್ರೇಕ್‌ಫಾಸ್ಟ್ ಕ್ಲಬ್, ಅಂದ್ರೆ ಕ್ಲಾಸಿಗೆ ಮೊದ್ಲು ಮಕ್ಕಳಿಗೆ ಸ್ಕೂಲಲ್ಲೇ ತಿಂಡಿ ಕೊಡೋದು, ಶುರು ಮಾಡೋಣ ಅಂತ ಮಾತು ಬಂತು, ಮೀಟಿಂಗಲ್ಲಿ ಸುಮ್ನಿರಕ್ಕಾಗ್ದೆ ನಾನೂ ಕೈ ಎತ್ಬಿಟ್ಟೆ, ಈಗ ಸ್ಪಾನ್ಸರ್ ಹುಡುಕೋ ಕೆಲಸ ನನ್ ತಲೆ ಮೇಲೆ. ಯಾವ್ದೋ ಕಂಪನಿಯವ್ರು ಸಿಹಿ ಸೀರಿಯಲ್ ಡಬ್ಬ ತಂದು ಸುರಿದು ಗೋಡೆಗೆ ಲೋಗೋ ಅಂಟಿಸಿ ಹೋದ್ರೆ ಏನ್ ಮಾಡೋದು?

ಇಡ್ಲಿಪ್ರಿಯೆ:
ನಾನು ನ್ಯೂಕಾಸಲ್. ಇಲ್ಲಿ ಗ್ರೆಗ್ಸ್ ಬೇಕರಿಯವ್ರದ್ದು ಫೇಮಸ್, 1999ರಲ್ಲಿ ಈ ಊರಿನ ಒಂದ್ ಸ್ಕೂಲಿಂದಾನೇ ಶುರುವಾಗಿದ್ದು. ಹತ್ರದ ಅಂಗಡಿಯಿಂದ ಬ್ರೆಡ್ ಬರತ್ತೆ, ಮಿಕ್ಕಿದ್ದಕ್ಕೆ ಅವ್ರ ಫೌಂಡೇಶನ್ ದುಡ್ಡು ಕೊಡತ್ತೆ, ಬೇರೆ ಕಂಪನಿಗಳೂ ಒಂದೊಂದು ಕ್ಲಬ್‌ನ ಖರ್ಚು ನೋಡ್ಕೊಳ್ತಾವೆ. ಸಕ್ಕರೆ ಬಗ್ಗೆ ಅಷ್ಟು ಹೆದ್ರಬೇಡಿ, ಸ್ಕೂಲ್ ಊಟದ ರೂಲ್ಸ್ ಕ್ಲಬ್‌ಗೂ ಇದೆ. ಲೋಗೋ ವಿಷ್ಯ ಮಾತ್ರ ಮೊದ್ಲೇ ಬರೆಸ್ಕೊಳಿ.

ಚಳಿಲಿಕಾಫಿ:
ಕಂಪನಿ ಬಾಗಿಲಿಗೆ ನೀವೇ ಯಾಕೆ ಹೋಗ್ಬೇಕು, ಮ್ಯಾಜಿಕ್ ಬ್ರೇಕ್‌ಫಾಸ್ಟ್ ಅಂತ 2001ರಿಂದ ಇರೋ ಚಾರಿಟಿ ಇದೆ, ಕಂಪನಿಗಳ ಹತ್ರ ತಗೊಂಡು ಸ್ಕೂಲಿಗೆ ತಲುಪಿಸೋದೇ ಅವ್ರ ಕೆಲಸ. ಅವ್ರ ಕ್ಲಬ್‌ನಿಂದ ಉಪಯೋಗ ಇದ್ಯಾ ಅಂತ 106 ಸ್ಕೂಲಲ್ಲಿ ಪರೀಕ್ಷೆ ಮಾಡಿ 2016ರಲ್ಲಿ ರಿಪೋರ್ಟ್ ಬಂತು, ಇಯರ್ 2 (6-7 ವರ್ಷದ) ಮಕ್ಕಳು ಓದು ಬರಹ ಲೆಕ್ಕದಲ್ಲಿ ಕ್ಲಬ್ ಸಿಗದ ಸ್ಕೂಲಿನವ್ರಿಗಿಂತ ಸುಮಾರು 2 ತಿಂಗಳು ಮುಂದಿದ್ರು, ಕ್ಲಾಸಲ್ಲಿ ಗಲಾಟೇನೂ ಕಮ್ಮಿ ಆಯ್ತಂತೆ. ಅದಕ್ಕೂ ಮೊದ್ಲು ಹೆಡ್ ಟೀಚರನ್ನ ಕೇಳಿ, 2025ರ ಏಪ್ರಿಲಿಂದ ಸರ್ಕಾರಾನೇ 750 ಸ್ಕೂಲಲ್ಲಿ ಫ್ರೀ ಕ್ಲಬ್ ಶುರು ಮಾಡಿದೆ, ನಿಮ್ದೂ ಸೇರತ್ತೋ ಏನೋ.

ಆಮೇಲೆ ಇನ್ನೊಂದು, ಸೀರಿಯಲ್ ಯಾರ್ ಬೇಕಾದ್ರೂ ಕೊಡ್ತಾರೆ ಸ್ವಾಮಿ. ಚಳೀಲಿ ಏಳೂಮುಕ್ಕಾಲಿಗೆ ಬಂದು ಟೋಸ್ಟ್ ಮಾಡಿ, ಮಕ್ಕಳನ್ನ ನೋಡ್ಕೊಂಡು, ಪಾತ್ರೆ ತೊಳೆಯೋರು ಯಾರು? ನಮ್ ಸ್ಕೂಲಲ್ಲಿ ಸ್ಟೋರ್‌ರೂಮ್ ತುಂಬಾ ಡಬ್ಬ ಇದ್ವು, ಜನ ಇಲ್ದೆ ಕ್ಲಬ್ ನಿಂತೋಯ್ತು. ಕಂಪನಿ ಹತ್ರ ಡಬ್ಬ ಕೇಳ್ಬೇಡಿ, ಒಬ್ಬ ಹೆಲ್ಪರ್ ಸಂಬಳ ಕೇಳಿ.

ರಾಗಿಮುದ್ದೆ:
ಕೆಲಸ ಮಾಡೋರ ಸಂಬಳದ ಬಗ್ಗೆ ಕಾಫಿಯವ್ರು ಹೇಳಿದ್ದು ನಿಜ. ನಮ್ಮತ್ತಿಗೆ ಊರಲ್ಲಿ ಸರ್ಕಾರಿ ಶಾಲೆ ಟೀಚರು. ಅಲ್ಲಿ ಬೆಳಿಗ್ಗೆ ಹಾಲಿಗೆ ರಾಗಿ ಮಾಲ್ಟ್ ಹಾಕಿ ಕೊಡ್ತಾರೆ, ಅದು ಸತ್ಯಸಾಯಿ ಅನ್ನಪೂರ್ಣ ಟ್ರಸ್ಟ್ ಜೊತೆ ಸೇರಿ 2024ರಿಂದ ಕೊಡ್ತಿರೋದು. ಮೊಟ್ಟೆ ವಾರಕ್ಕೆ 2 ದಿನ ಸರ್ಕಾರದ್ದು, 4 ದಿನ ಅಜೀಂ ಪ್ರೇಮ್‌ಜಿ ಫೌಂಡೇಶನ್‌ದು. ಮೊಟ್ಟೆ ಲೆಕ್ಕದಲ್ಲಿ ಸುಲಿಯೋ ಕೂಲಿ ಅಂತಾನೇ ಒಂದಕ್ಕೆ 30 ಪೈಸೆ ಬೇರೆ ಇಟ್ಟಿದಾರೆ. ಅಷ್ಟು ಸಾಲತ್ತಾ ಅಂತ ಅಡುಗೆಯವ್ರನ್ನ ಕೇಳ್ಬೇಕು, ಆದ್ರೆ ಲೆಕ್ಕಕ್ಕಾದ್ರೂ ಹಿಡಿದ್ರಲ್ಲ.

ಮಂಡ್ಯಹುಡ್ಗ:
ಎಲ್ರಿಗೂ ಥ್ಯಾಂಕ್ಸ್. ಹೆಡ್ ಟೀಚರ್ ಕೇಳ್ದೆ, ಆ 750ರಲ್ಲಿ ನಾವಿಲ್ಲ. ಹೆಲ್ಪರ್ ಸಂಬಳಕ್ಕೆ ಅಂತಾನೇ ಲೆಟರ್ ಬರೀತಿದೀನಿ. ಅಲ್ಲೀವರೆಗೂ ಮಂಗಳವಾರದ ಟೋಸ್ಟ್ ನಂದೇ ಅಂತೆ, ಮನೇಲಿ ಇನ್ನೂ ಹೇಳಿಲ್ಲ.