ಅಪ್‌ಡೇಟ್: ಏರಿನಲ್ಲಿ ಚೈನ್ ಜಾರುತ್ತಿದ್ದ ನನ್ನ ಟೂರಿಂಗ್ ಸೈಕಲ್

ಹೊಸ ಚೈನ್ ಹಾಕಿದರೂ ಏರಿನಲ್ಲಿ ಒತ್ತಿ ತುಳಿದರೆ ಟಕ್ ಅಂತ ಜಾರುತ್ತೆ, ಯಾಕೆ ಅಂತ ಕೇಳಿದ್ದೆನಲ್ಲ, ಕಾರಣ ಸಿಕ್ಕಿತು. ತಪ್ಪು ಚೈನಿನದ್ದಲ್ಲ, ಸವೆದ ಕ್ಯಾಸೆಟ್‌ನದ್ದು (ಹಿಂದಿನ ಗಾಲಿಯಲ್ಲಿರುವ ಹಲ್ಲುಚಕ್ರಗಳ ಗೊಂಚಲು). ನೀವು ಹೇಳಿದ ಹಾಗೆ ಹಳೇ ಚೈನನ್ನು ಸ್ಕೇಲ್ ಹಿಡಿದು ಅಳೆದೆ. ಸರಿಯಾಗಿ 12 ಇಂಚು ಇರಬೇಕಾದ 24 ಕೊಂಡಿ ಎಂಟನೇ ಒಂದು ಇಂಚು ಹೆಚ್ಚಿತ್ತು, ಅಂದರೆ ಶೇ. 1ರಷ್ಟು ಹಿಗ್ಗಿತ್ತು! ಅದನ್ನೇ ಓಡಿಸಿ ಓಡಿಸಿ ಕ್ಯಾಸೆಟ್ ಹಲ್ಲನ್ನೂ ತಿನ್ನಿಸಿದ್ದೆ.

ಹೇಗೂ ಖರ್ಚು ತಪ್ಪಲಿಲ್ಲ ಅಂತ 11-28ರ ಬದಲು 11-34 ಕ್ಯಾಸೆಟ್ ಹಾಕಿದೆ (ಅತಿ ಚಿಕ್ಕ ಮತ್ತು ಅತಿ ದೊಡ್ಡ ಹಲ್ಲುಚಕ್ರದ ಹಲ್ಲುಗಳ ಲೆಕ್ಕ). ಕ್ಯಾಸೆಟ್ ತಿರುಗದಂತೆ ಹಿಡಿಯುವ ಚೈನ್ ವಿಪ್, ಅದರ ಬಿಗಿ ಬಳೆ ಬಿಚ್ಚುವ ಲಾಕ್‌ರಿಂಗ್ ಟೂಲ್ ಇದ್ದರೆ ಅರ್ಧ ಗಂಟೆಯ ಕೆಲಸ. ಎಡವಟ್ಟು ಒಂದೇ: ಚೈನನ್ನು ಹಳೇ ಅಳತೆಗೇ ಕತ್ತರಿಸಿದ್ದೆ, 34 ಹಲ್ಲಿನ ದೊಡ್ಡ ಹಲ್ಲುಚಕ್ರಕ್ಕೆ ಸಾಲಲಿಲ್ಲ. ಮತ್ತೊಂದು ತರಬೇಕಾಯ್ತು. ಆಮೇಲೆ ಹಿಂದಿನ ಗೇರ್ ಬದಲಿಸುವ ಡಿರೈಲರ್ ಕ್ಯಾಸೆಟ್‌ಗೆ ತಾಗದಂತೆ ಅದರ ಬಿ-ಸ್ಕ್ರೂ ಸ್ವಲ್ಪ ಬಿಗಿ ಮಾಡಿದೆ.

ಭಾನುವಾರ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿದೆ. ಹದಿನಾಲ್ಕೂ ತಿರುವಿನಲ್ಲಿ ಒಮ್ಮೆಯೂ ಜಾರಲಿಲ್ಲ, ಮಾರಾಯ್ರೆ.