ಲೂವಾಯ್ ನಿಜಕ್ಕೂ ಒಳ್ಳೆ ಪ್ಲೇಯರ್ರಾ, ಇಲ್ಲ ಕ್ಲಿಯರಿ ಜೊತೆಗಿದ್ದಿದ್ದಕ್ಕೆ ಹಾಗೆ ಕಾಣ್ತಿದ್ನಾ?

ವೆಸ್ಟ್‌ಮೀಡ್_ವಾಸಿ:
ಸಿಡ್ನಿಗೆ ಬಂದ್ಮೇಲೆ ರಗ್ಬಿ ಲೀಗ್ ಹುಚ್ಚು ಹತ್ಕೊಂಡಿದೆ. ಜರೋಮ್ ಲೂವಾಯ್ ಪೆನ್‌ರಿತ್‌ನಲ್ಲಿದ್ದಾಗ 2021ರಿಂದ 2024ರ ತನಕ ಸಾಲಾಗಿ ನಾಲ್ಕು ಕಪ್ ಗೆದ್ದ, 2025ಕ್ಕೆ ವೆಸ್ಟ್ಸ್ ಟೈಗರ್ಸ್‌ಗೆ ಹೋದ, ಫೈನಲ್ಸ್‌ಗೂ (ಅಂದ್ರೆ ಪ್ಲೇಆಫ್‌ಗೂ) ಬರ್ಲಿಲ್ಲ. ನಮ್ ಆಫೀಸಲ್ಲಿ ಎಲ್ರೂ "ಎಲ್ಲಾ ಪೆನ್‌ರಿತ್ ಟೀಮ್‌ಮೇಟ್ ನೇಥನ್ ಕ್ಲಿಯರಿದೇ ಕೆಲ್ಸ" ಅಂತಾರೆ. ಟೀಮ್‌ಮೇಟ್ಸ್ ಜೊತೆ ಹೋಲಿಸಿ ಒಬ್ಬನ ಫಾರ್ಮ್ ಅಳೆಯೋದು ಹೆಂಗೆ ಸ್ವಾಮಿ, ಟ್ರೈ (ಗೋಲ್ ಲೈನ್ ದಾಟಿ ಬಾಲ್ ನೆಲಕ್ಕೆ ಒತ್ತೋ ಸ್ಕೋರ್) ಅಸಿಸ್ಟ್ ನೋಡಿದ್ರೆ ಸಾಕಾ?

ಪ್ಯಾಂತರ್_ಪ್ರಿಯ:
ಸಾಲಲ್ಲ ಗುರು. ಆರನೇ ಟ್ಯಾಕಲ್‌ಗೆ ಬಾಲ್ ಎದುರಾಳಿಗೆ ಹೋಗುತ್ತೆ, ಅದಕ್ಕೇ ಐದು ಟ್ಯಾಕಲ್ ಆದ್ಮೇಲೆ ಕಿಕ್ ಮಾಡೋನು ಯಾರು ಅಂತ ಮೊದ್ಲು ನೋಡಿ. ಪೆನ್‌ರಿತ್‌ನಲ್ಲಿ ಅದು 7ನೇ ನಂಬರಿನ (ಹಾಫ್‌ಬ್ಯಾಕ್, ಅಂದ್ರೆ ಆಟ ನಡೆಸೋನು) ಕ್ಲಿಯರಿ, ಹಾಗಾಗಿ ಕಿಕ್ಕಿಂದ ಬಂದ ಟ್ರೈ ಎಲ್ಲಾ ಅವ್ನ ಲೆಕ್ಕಕ್ಕೇ ಹೋಗುತ್ತೆ, ಲೂವಾಯ್ 6 (7ರ ಜೋಡಿ) ಹಾಕ್ಕೊಂಡು ಎಡಗಡೆ ಓಡೋನು, ಡಿಫೆಂಡರ್‌ನ ತನ್ನ ಕಡೆ ಎಳ್ಕೊಂಡು ಕೊನೇ ಗಳಿಗೇಲಿ ಪಾಸ್ ಬಿಡೋನು. 2024ರಲ್ಲಿ ಕ್ಲಿಯರಿ ಗಾಯ ಆಗಿ ಎಷ್ಟೋ ಮ್ಯಾಚ್ ಹೊರಗಿದ್ದ, ಲೂವಾಯ್ 7 ಹಾಕ್ಕೊಂಡ, ಆದ್ರೂ ಟೀಮ್ ಟೇಬಲ್‌ನಲ್ಲಿ ಎರಡನೇದು. ಅದೇ ವರ್ಷ ಸ್ಟೇಟ್ ಆಫ್ ಒರಿಜಿನ್‌ನಲ್ಲೂ (ನ್ಯೂ ಸೌತ್ ವೇಲ್ಸ್-ಕ್ವೀನ್ಸ್‌ಲ್ಯಾಂಡ್ ಮೂರು ಮ್ಯಾಚ್ ಸೀರೀಸ್) ಕ್ಲಿಯರಿ ಇಲ್ಲ, ಮೊದಲ ಮ್ಯಾಚ್ ಸೋತ್ಮೇಲೆ ನ್ಯೂ ಸೌತ್ ವೇಲ್ಸ್‌ಗೆ ಲೂವಾಯ್ 7ನೇ ನಂಬರಿನ ಮಿಚೆಲ್ ಮೋಸಸ್ ಜೊತೆ ಆಡಿ ಎರಡೂ ಗೆದ್ದು ಸೀರೀಸ್ ತಗೊಂಡ್ರು. ಇನ್ನೇನ್ ಪ್ರೂಫ್ ಬೇಕು?

ಬಾಲ್ಕನಿ_ರೆಫ್ರಿ:
ಅಷ್ಟು ಸುಲಭಕ್ಕೆ ಬಿಡಲ್ಲ ನಾನು 😄 2023ರ ಗ್ರ್ಯಾಂಡ್ ಫೈನಲ್ (ಕಪ್ ತೀರ್ಮಾನ ಆಗೋ ಮ್ಯಾಚ್) ಮರ್ತ್ರಾ? ಲೂವಾಯ್ ಗಾಯ ಆಗಿ ಸೆಕೆಂಡ್ ಹಾಫ್‌ನಲ್ಲಿ ಹೊರಗ್ ಹೋದ, ಬ್ರಿಸ್ಬೇನ್ 24-8 ಮುಂದಿತ್ತು, ಕ್ಲಿಯರಿ 26-24ಕ್ಕೆ ಎಳ್ಕೊಂಡ್ ಬಂದ. ಮತ್ತೆ ಪೆನ್‌ರಿತ್‌ನಲ್ಲಿ ಬ್ರಯಾನ್ ಟೋ'ಓ ವಿಂಗರ್ (ಅಂಚಲ್ಲಿ ಆಡೋನು) ಆಗಿದ್ರೂ ತಮ್ಮ ಗೋಲ್ ಲೈನ್ ಹತ್ರದಿಂದ ಫಾರ್ವರ್ಡ್ (ಮಧ್ಯದಲ್ಲಿ ಡಿಕ್ಕಿ ಹೊಡಿಯೋ ದಪ್ಪ ಪ್ಲೇಯರ್) ಥರ ಬಾಲ್ ಹೊತ್ಕೊಂಡು ನುಗ್ತಾನೆ, ಹಿಂದೆ ಡಿಲನ್ ಎಡ್ವರ್ಡ್ಸ್, ಮಧ್ಯದಲ್ಲಿ ಐಸಯಾ ಯೋ. ಆ ಕಡೆ ದ್ರಾವಿಡ್ ಗೋಡೆ ಥರ ನಿಂತಿದ್ರೆ ಈ ಕಡೆ ಹೊಡಿಯೋಕೆ ಎಲ್ರಿಗೂ ಧೈರ್ಯ ಬರುತ್ತೆ. ಆದ್ರೆ ಟೈಗರ್ಸ್ ವಿಷ್ಯದಲ್ಲಿ ನ್ಯಾಯ ಹೇಳ್ಬೇಕಂದ್ರೆ 2022, 23, 24 ಮೂರೂ ವರ್ಷ ಅವ್ರದ್ದೇ ಕೊನೇ ಸ್ಥಾನ, ಇವನು ಬಂದ ವರ್ಷ ಅದು ತಪ್ತು.

ಹಳೇ_ಕಬಡ್ಡಿ:
ಫಾರ್ಮ್ ಬೇರೆ, ಪೊಟೆನ್ಷಿಯಲ್ ಬೇರೆ, ನೀವಿಬ್ರೂ ಕಲಸ್ತಿದೀರ. ಲೂವಾಯ್ ಜೊತೆ ಟೈಗರ್ಸ್‌ನಲ್ಲಿದ್ದ ಲಾಕ್ಲನ್ ಗ್ಯಾಲ್ವಿನ್‌ನೇ ನೋಡಿ, 2025ರ ಮಧ್ಯದಲ್ಲೇ ಬುಲ್‌ಡಾಗ್ಸ್‌ಗೆ ಹಾರಿದ. ಅಲ್ಲಿ ಟೋಬಿ ಸೆಕ್ಸ್‌ಟನ್ 7ರಲ್ಲಿ ಆಡ್ತಾ ಟೀಮ್ ಗೆಲ್ತಾನೇ ಇತ್ತು, ಆದ್ರೂ ಸೀಸನ್ ಕೊನೆಗೆ ಅವ್ನನ್ನ ಕೂರಿಸಿ ಹುಡುಗನಿಗೆ ಜಾಗ ಕೊಟ್ರು, ಫೈನಲ್ಸ್‌ನಲ್ಲಿ ಎರಡೂ ಮ್ಯಾಚ್ ಸೋತ್ರು. ಟ್ಯಾಲೆಂಟ್ ಯಾರಿಗ್ ಜಾಸ್ತಿ ಅಂದ್ರೆ ಗ್ಯಾಲ್ವಿನ್‌ಗೇ, ಆ ತಿಂಗಳು ಟೀಮ್‌ಗೆ ಯಾರ್ ಬೇಕಿತ್ತು ಅಂದ್ರೆ ನನ್ ಪ್ರಕಾರ ಸೆಕ್ಸ್‌ಟನ್.

ಬಾಲ್ಕನಿ_ರೆಫ್ರಿ:
ಸೆಕ್ಸ್‌ಟನ್‌ಗೆ ಅನ್ಯಾಯ ಆಗಿದ್ದು ಹೌದು, ಆದ್ರೆ ಆ ಸೋಲನ್ನೆಲ್ಲ ಇಪ್ಪತ್ತರ ಹುಡುಗನ ತಲೆಗೆ ಕಟ್ಬೇಡಿ. ಪೆನ್‌ರಿತ್ ಎದುರು 46 ಪಾಯಿಂಟ್ ಬಿಟ್ಕೊಟ್ರು, ಅದು 7ನೇ ನಂಬರ್ ಒಬ್ನೇ ತಡಿಯೋ ಕೆಲ್ಸನಾ?