ನಲ್ಲಿಗಳೆಲ್ಲ ಮುಚ್ಚಿದ್ದರೂ ರಾತ್ರಿಯಿಡೀ ಚಾಲೂ ಆಗುವ ಪಂಪ್, ಮಳೆನೀರಿನ ಸಂಪಿನಲ್ಲಿ ದುರ್ವಾಸನೆ

ಪ್ರಶ್ನೆ

ನಮ್ಮ ಮನೆಯ ಛಾವಣಿ ಸುಮಾರು 120 ಚದರ ಮೀಟರ್ ಇದೆ. ಅದರ ಮೇಲೆ ಬಿದ್ದ ಮಳೆನೀರು ನೆಲದಡಿಯ 8,000 ಲೀಟರ್ ಸಂಪಿಗೆ ಇಳಿಯುತ್ತದೆ. ಅಲ್ಲಿಂದ ಜೆಟ್ ಪಂಪೊಂದು ಆ ನೀರನ್ನು ಎರಡು ಶೌಚಾಲಯಗಳ ಫ್ಲಶ್ ಟ್ಯಾಂಕ್‌ಗಳಿಗೆ, ಬಟ್ಟೆ ಒಗೆಯುವ ಯಂತ್ರಕ್ಕೆ ಮತ್ತು ಕೈತೋಟದ ನಲ್ಲಿಗೆ ಕಳುಹಿಸುತ್ತದೆ. ಕುಡಿಯಲು ಈ ನೀರನ್ನು ಬಳಸುವುದಿಲ್ಲ. ಪಂಪಿನ ಪಕ್ಕದಲ್ಲಿ 24 ಲೀಟರ್‌ನ ಪ್ರೆಷರ್ ಟ್ಯಾಂಕ್ ಇದೆ. ಒತ್ತಡ 1.5 ಬಾರ್‌ಗೆ ಇಳಿದಾಗ ಪಂಪ್ ಚಾಲೂ ಆಗಿ 3 ಬಾರ್‌ಗೆ ನಿಲ್ಲುವಂತೆ ಪ್ರೆಷರ್ ಸ್ವಿಚ್ಚನ್ನು ಹೊಂದಿಸಲಾಗಿದೆ. ಹೀರುವ ಕೊಳವೆಯ ತುದಿಯಲ್ಲಿ, ಎಳೆದ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಫುಟ್ ವಾಲ್ವ್ ಇದ್ದು, ಅದು ಸಂಪಿನ ತಳದಿಂದ ನಾಲ್ಕು ಬೆರಳಿನಷ್ಟು ಮಾತ್ರ ಮೇಲಿದೆ.

ಮೂರು ವರ್ಷ ಯಾವ ತಕರಾರೂ ಇಲ್ಲದೆ ನಡೆದ ಈ ವ್ಯವಸ್ಥೆ ಎರಡು ತಿಂಗಳಿಂದ ಕಾಡುತ್ತಿದೆ. ಎಲ್ಲ ನಲ್ಲಿಗಳೂ ಮುಚ್ಚಿರುವಾಗ ಸುಮಾರು ಹತ್ತು ನಿಮಿಷಕ್ಕೊಮ್ಮೆ ಪಂಪ್ ತಾನಾಗಿಯೇ ಚಾಲೂ ಆಗಿ, ಒಂದೆರಡು ಕ್ಷಣ ಓಡಿ ನಿಲ್ಲುತ್ತದೆ. ತೋಟದ ನಲ್ಲಿಯನ್ನು ತೆರೆದರೆ ಅದು ಕೆಲವೇ ಸೆಕೆಂಡುಗಳ ಅಂತರದಲ್ಲಿ ನಿಂತು ಚಾಲೂ ಆಗಿ, ಮತ್ತೆ ನಿಂತು ಚಾಲೂ ಆಗುತ್ತದೆ. ಮೋಟಾರಿನ ಮೇಲೆ ಕೈಯಿಡಲಾಗದಷ್ಟು ಬಿಸಿಯಾಗುತ್ತದೆ. ಕಳೆದ ತಿಂಗಳು ಮುಖ್ಯ ಸ್ವಿಚ್ ಆರಿಸಿ ನಾಲ್ಕು ದಿನ ಹೊರಗೆ ಹೋಗಿದ್ದೆವು. ಮರಳಿ ಬಂದು ಚಾಲೂ ಮಾಡಿದಾಗ ಪಂಪ್ ಸದ್ದು ಮಾಡಿತೇ ಹೊರತು ನೀರೆತ್ತಲಿಲ್ಲ. ಪ್ರೈಮಿಂಗ್‌ಗೆ, ಅಂದರೆ ಓಡುವ ಮೊದಲು ಪಂಪಿನೊಳಗೆ ನೀರು ತುಂಬಲು, ಇರುವ ಮುಚ್ಚಳ ತೆಗೆದು ನೀರು ಸುರಿದ ಮೇಲೆ ಎತ್ತಿತು. ಇದರ ಜೊತೆಗೆ ಮಳೆ ಬಿಟ್ಟ ಮೇಲೆ ನೀರಿಗೆ ಕೊಳೆತ ಮೊಟ್ಟೆಯ ವಾಸನೆ ಬಂದಿದ್ದು, ಫ್ಲಶ್ ಟ್ಯಾಂಕಿನ ತಳದಲ್ಲಿ ಕಪ್ಪು ಮಡ್ಡಿ ಕೂರುತ್ತಿದೆ. ನೋಡಲು ಬಂದ ಮೆಕ್ಯಾನಿಕ್ ಪಂಪ್ ಹಳೆಯದಾಗಿದೆ, ಬದಲಿಸಿಬಿಡಿ ಎಂದು ಹೇಳಿ ಹೋದರು. ನಿಜವಾಗಿಯೂ ಪಂಪನ್ನೇ ಬದಲಿಸಬೇಕೆ, ಅಥವಾ ಅದಕ್ಕೆ ಮೊದಲು ಪರೀಕ್ಷಿಸಬೇಕಾದುದು ಏನಾದರೂ ಇದೆಯೆ?

ಮೊದಲ ಉತ್ತರ

ದಯವಿಟ್ಟು ಪಂಪನ್ನು ಈಗಲೇ ಬದಲಿಸಬೇಡಿ. ಒತ್ತಡ 3 ಬಾರ್ ತಲುಪಿ ಪಂಪ್ ತಾನಾಗಿ ನಿಲ್ಲುತ್ತಿದೆ ಎಂದು ನೀವೇ ಬರೆದಿದ್ದೀರಿ. ಒಳಗೆ ತಿರುಗಿ ನೀರನ್ನು ತಳ್ಳುವ ಇಂಪೆಲ್ಲರ್ ಸವೆದಿದ್ದರೆ ಅದು ಆ ಒತ್ತಡವನ್ನು ಮುಟ್ಟಲಾರದೆ ನಿಲ್ಲದೆ ಓಡುತ್ತಿತ್ತು. ನಿಮ್ಮ ಪಂಪ್ ಕೆಟ್ಟಿಲ್ಲ, ಅದಕ್ಕೆ ಬಿಡುವಿಲ್ಲ, ಅಷ್ಟೇ. ಪ್ರತಿ ಸಲ ಚಾಲೂ ಆಗುವಾಗ ಮೋಟಾರು ಸಾಮಾನ್ಯ ಓಟಕ್ಕಿಂತ ಹಲವು ಪಟ್ಟು ಹೆಚ್ಚು ವಿದ್ಯುತ್ತನ್ನು ಎಳೆಯುವುದರಿಂದ, ನಿಮಿಷಕ್ಕೆ ಹತ್ತಾರು ಸಲ ಚಾಲೂ ಆಗುವ ಮೋಟಾರು ಬಿಸಿಯಾಗದೆ ಇರಲಾರದು.

ನನ್ನ ಅಂದಾಜಿನಲ್ಲಿ ಇಲ್ಲಿ ಎರಡು ಬೇರೆ ಬೇರೆ ದೋಷಗಳು ಒಂದೇ ಪಂಪಿನ ಮೂಲಕ ಸದ್ದು ಮಾಡುತ್ತಿವೆ. ನಲ್ಲಿ ತೆರೆದಾಗ ಪಂಪ್ ತಟಪಟನೆ ನಿಂತು ಚಾಲೂ ಆಗುವುದಕ್ಕೆ ಕಾರಣ ಪ್ರೆಷರ್ ಟ್ಯಾಂಕಿನಲ್ಲಿ ಗಾಳಿ ಇಲ್ಲದಿರುವುದು. ನೀರನ್ನು ಒತ್ತಿ ಕುಗ್ಗಿಸಲಾಗದು, ಗಾಳಿಯನ್ನು ಕುಗ್ಗಿಸಬಹುದು. ಟ್ಯಾಂಕಿನೊಳಗಿನ ರಬ್ಬರ್ ಪರದೆಯ ಆಚೆಗಿರುವ ಗಾಳಿಯೇ ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ. ಗಾಳಿ ಸರಿಯಾಗಿದ್ದರೆ ನಿಮ್ಮ 24 ಲೀಟರ್ ಟ್ಯಾಂಕು 3 ಬಾರ್‌ನಿಂದ 1.5 ಬಾರ್‌ಗೆ ಇಳಿಯುವಷ್ಟರಲ್ಲಿ ಸುಮಾರು 8 ಲೀಟರ್ ನೀರನ್ನು ಕೊಡಬೇಕು. ಗಾಳಿ ಸೋರಿಹೋಗಿದ್ದರೆ ಅದು ಅರ್ಧ ಲೀಟರನ್ನೂ ಕೊಡದೆ ಇರಬಹುದು.

ಪರೀಕ್ಷೆ ಸುಲಭ, ಆದರೆ ಬಹಳ ಜನ ಒಂದು ತಪ್ಪು ಮಾಡುತ್ತಾರೆ: ವ್ಯವಸ್ಥೆಯಲ್ಲಿ ನೀರಿನ ಒತ್ತಡ ಇರುವಾಗಲೇ ಗಾಳಿಯನ್ನು ಅಳೆಯುತ್ತಾರೆ. ಆಗ ಕಾಣುವುದು ನೀರಿನ ಒತ್ತಡವೇ ಹೊರತು ಗಾಳಿಯ ಮೂಲ ಒತ್ತಡವಲ್ಲ. ಮೊದಲು ವಿದ್ಯುತ್ತನ್ನು ಆರಿಸಿ, ತಗ್ಗಿನಲ್ಲಿರುವ ನಲ್ಲಿಯೊಂದನ್ನು ತೆರೆದು ನೀರೆಲ್ಲ ಹೊರಹೋಗಲು ಬಿಡಿ. ಅನಂತರ ಟ್ಯಾಂಕಿನ ತುದಿಯ ಮುಚ್ಚಳ ತಿರುಗಿಸಿದರೆ ಕಾರು, ಬೈಕಿನ ಟೈರಿನಲ್ಲಿರುವಂಥದ್ದೇ ವಾಲ್ವ್ ಕಾಣುತ್ತದೆ. ಅದರ ಸೂಜಿಯನ್ನು ಉಗುರಿನಿಂದ ಒತ್ತಿ. ನೀರು ಚಿಮ್ಮಿದರೆ ಪರದೆ ಹರಿದಿದೆ, ಅದನ್ನೋ ಇಡೀ ಟ್ಯಾಂಕನ್ನೋ ಬದಲಿಸಬೇಕು. ನೀರು ಬಾರದಿದ್ದರೆ ಸೈಕಲ್ ಪಂಪಿನಿಂದಲೇ ಗಾಳಿ ತುಂಬಬಹುದು. ಪಂಪ್ ಚಾಲೂ ಆಗುವ ಒತ್ತಡಕ್ಕಿಂತ ತುಸು ಕಡಿಮೆ, ಅಂದರೆ ನಿಮ್ಮಲ್ಲಿ 1.3ರಿಂದ 1.4 ಬಾರ್, ಗಾಳಿ ಇರಬೇಕು. ಪಿಎಸ್‌ಐ ಲೆಕ್ಕದಲ್ಲಿ ಅದು ಸುಮಾರು 20.

ಎರಡನೆಯ ದೋಷ ಎಲ್ಲೋ ಒಂದು ಸೋರಿಕೆ. ಗಾಳಿ ತುಂಬಿದೊಡನೆ ಹತ್ತು ನಿಮಿಷದ ಅಂತರ ಎರಡು ಮೂರು ಗಂಟೆಗೆ ಹಿಗ್ಗಬಹುದು, ಆಗ ಸೋರಿಕೆ ವಾಸಿಯಾಯಿತೆಂದು ಭಾವಿಸಬೇಡಿ. ಅರ್ಧ ಲೀಟರ್ ಖಾಲಿಯಾಗಲು ಹತ್ತು ನಿಮಿಷ ಬೇಕಿದ್ದರೆ 8 ಲೀಟರ್ ಖಾಲಿಯಾಗಲು ನೂರರವತ್ತು ನಿಮಿಷ ಬೇಕು. ಸೋರಿಕೆ ಅಷ್ಟೇ ಇರುತ್ತದೆ, ದಿನಕ್ಕೆ 72 ಲೀಟರ್.

ಎರಡನೆಯ ಉತ್ತರ

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಸೋರಿಕೆ ಯಾವ ಕಡೆಗಿದೆ ಎಂಬುದನ್ನು ಕಂಡುಕೊಳ್ಳುವ ಬಗೆಯನ್ನು ಮಾತ್ರ ಸೇರಿಸುತ್ತೇನೆ. ಪ್ರೆಷರ್ ಟ್ಯಾಂಕಿನ ನಂತರ ಮನೆಯ ಕಡೆಗೆ ಹೋಗುವ ಕೊಳವೆಯಲ್ಲಿ ಸಾಮಾನ್ಯವಾಗಿ ಗೇಟ್ ವಾಲ್ವ್ ಅಥವಾ ಬಾಲ್ ವಾಲ್ವ್ ಇರುತ್ತದೆ. ಪಂಪ್ 3 ಬಾರ್‌ಗೆ ನಿಂತ ಕೂಡಲೇ ಅದನ್ನು ಮುಚ್ಚಿ, ಒತ್ತಡ ತೋರಿಸುವ ಗೇಜಿನ ಮುಳ್ಳನ್ನು ಗಮನಿಸಿ. ಮುಳ್ಳು ನಿಂತಲ್ಲೇ ನಿಂತರೆ ಸೋರಿಕೆ ಮನೆಯೊಳಗಿದೆ, ಬಹುಮಟ್ಟಿಗೆ ಫ್ಲಶ್ ಟ್ಯಾಂಕಿನಲ್ಲಿ. ಫ್ಲಶ್ ಟ್ಯಾಂಕಿಗೆ ನಾಲ್ಕು ಹನಿ ಬಣ್ಣ ಹಾಕಿ ಅರ್ಧ ಗಂಟೆ ಯಾರೂ ಫ್ಲಶ್ ಮಾಡದಂತೆ ನೋಡಿಕೊಂಡರೆ, ಕಮೋಡಿನೊಳಗೆ ಬಣ್ಣ ಇಳಿದಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.

ವಾಲ್ವ್ ಮುಚ್ಚಿದ ಮೇಲೂ ಮುಳ್ಳು ಇಳಿಯುತ್ತಿದ್ದರೆ ನೀರು ಹಿಂದಕ್ಕೆ, ಸಂಪಿಗೇ, ಮರಳುತ್ತಿದೆ ಎಂದರ್ಥ. ನನಗೆ ಈ ಎರಡನೆಯದರ ಮೇಲೆಯೇ ಅನುಮಾನ, ಏಕೆಂದರೆ ನಾಲ್ಕು ದಿನ ಸ್ವಿಚ್ ಆರಿಸಿದ್ದಾಗ ಪಂಪ್ ಪ್ರೈಮಿಂಗ್ ಕಳೆದುಕೊಂಡ ಸಂಗತಿಯನ್ನು ನೀವು ಸುಮ್ಮನೆ ಹೇಳಿ ಮುಂದೆ ಹೋಗಿದ್ದೀರಿ. ನಿಮ್ಮ ಇಡೀ ಬರಹದಲ್ಲಿ ಅದೇ ದೊಡ್ಡ ಸುಳಿವು. ಫುಟ್ ವಾಲ್ವ್ ಬಿಗಿಯಾಗಿ ಮುಚ್ಚುತ್ತಿದ್ದರೆ ಹೀರುವ ಕೊಳವೆಯಲ್ಲಿನ ನೀರಿನ ಕಂಬ ತಿಂಗಳಾದರೂ ಅಲ್ಲೇ ನಿಲ್ಲಬೇಕು. ಅದು ಇಳಿದುಹೋಗಿದೆ ಎಂದರೆ ಫುಟ್ ವಾಲ್ವ್ ನೀರನ್ನು ಬಿಡುತ್ತಿದೆ. ವಿದ್ಯುತ್ ಇರುವ ದಿನಗಳಲ್ಲಿ ಹತ್ತು ನಿಮಿಷಕ್ಕೊಮ್ಮೆ ಪಂಪ್ ಚಾಲೂ ಆಗಿ ಆ ಕಂಬವನ್ನು ತುಂಬುತ್ತಲೇ ಇರುವುದರಿಂದ ನಿಮಗೆ ಅದು ಗೊತ್ತಾಗಲಿಲ್ಲ.

ಹೀರುವ ಕೊಳವೆಯ ಕೀಲುಗಳನ್ನೂ ಒಮ್ಮೆ ನೋಡಿ. ನೀರನ್ನು ಒಂದೇ ದಿಕ್ಕಿಗೆ ಬಿಡುವ ಬೇರೆ ನಾನ್ ರಿಟರ್ನ್ ವಾಲ್ವ್ ಇಲ್ಲದ ನಿಮ್ಮಂಥ ಜೋಡಣೆಯಲ್ಲಿ, ಪಂಪ್ ನಿಂತಿರುವಾಗ ಹೀರುವ ಕೊಳವೆಯಲ್ಲೂ ಪೂರ್ತಿ ಒತ್ತಡವಿರುತ್ತದೆ. ಸಡಿಲವಾದ ಕೀಲಿಗೆ ಒಣ ಕಾಗದ ಒತ್ತಿದರೆ ಅದು ಒದ್ದೆಯಾಗುತ್ತದೆ. ಅದೇ ಕೀಲು ಪಂಪ್ ಓಡುವಾಗ ಗಾಳಿ ಎಳೆಯುತ್ತದೆ, ನಲ್ಲಿಯಲ್ಲಿ ನೀರು ಹಾಲಿನಂತೆ ಬೆಳ್ಳಗೆ ಬಂದು ಕ್ಷಣದಲ್ಲಿ ತಿಳಿಯಾಗುತ್ತದೆ.

ಕೆಲವರು ಪಂಪಿನ ಮೇಲ್ಭಾಗದಲ್ಲಿ ಇನ್ನೊಂದು ನಾನ್ ರಿಟರ್ನ್ ವಾಲ್ವ್ ಹಾಕಿದರೆ ಸಾಕು ಎನ್ನುತ್ತಾರೆ. ರಾತ್ರಿಯ ಸದ್ದು ನಿಲ್ಲುವುದು ನಿಜ, ಆದರೆ ಪ್ರೈಮಿಂಗ್ ಕಳೆಯುವುದು ನಿಲ್ಲದು. ಬೆಳಗ್ಗೆ ಪಂಪ್ ಒಣಗಿದ ಸ್ಥಿತಿಯಲ್ಲಿ ಓಡಿ, ಅಕ್ಷದ ಸುತ್ತ ನೀರು ಸೋರದಂತೆ ತಡೆಯುವ ಅದರ ಮೆಕ್ಯಾನಿಕಲ್ ಸೀಲ್ ಸುಡುತ್ತದೆ. ಆಗ ಮೆಕ್ಯಾನಿಕ್ ಹೇಳಿದ ಮಾತು ನಿಜವಾಗುತ್ತದೆ.

ಮೂರನೆಯ ಉತ್ತರ

ಇಬ್ಬರೂ ವಾಸನೆಯ ವಿಷಯವನ್ನು ಬಿಟ್ಟಿದ್ದೀರಿ. ಅದನ್ನು ಬೇರೆ ಸಮಸ್ಯೆಯೆಂದು ಎಣಿಸಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಛಾವಣಿಯಿಂದ ಬಂದ ಎಲೆಪುಡಿ, ಧೂಳು, ಹಕ್ಕಿಯ ಹಿಕ್ಕೆ ಎಲ್ಲವೂ ತಳದಲ್ಲಿ ಕೆಸರಾಗಿ ಕೂರುತ್ತವೆ. ಆಮ್ಲಜನಕ ತಲುಪದ ಆ ಕೆಸರಿನೊಳಗೆ ಕೆಲವು ಬ್ಯಾಕ್ಟೀರಿಯಾಗಳು ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಆಗಿ ಮಾರ್ಪಡಿಸುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಮಳೆ ಬೀಳುತ್ತಿರುವಾಗ ಹೊಸ ನೀರು ಬೆರೆಯುವುದರಿಂದ ವಾಸನೆ ತಿಳಿಯುವುದಿಲ್ಲ, ಮಳೆ ಬಿಟ್ಟು ನೀರು ಕೆಳಗಿಳಿದಾಗ ಮೇಲೆದ್ದು ಬರುತ್ತದೆ. ನಿಮ್ಮ ಫುಟ್ ವಾಲ್ವ್ ತಳದಿಂದ ನಾಲ್ಕು ಬೆರಳು ಮೇಲಿದೆ ಎಂದರೆ ಈಗ ಅದು ಕೆಸರಿನಲ್ಲೇ ಮುಳುಗಿದೆ. ವಾಸನೆಯ ನೀರನ್ನು ಎಳೆಯುವುದೂ ಅದೇ, ಕಸದ ಚೂರು ಸಿಕ್ಕಿ ಸರಿಯಾಗಿ ಮುಚ್ಚದೆ ಇರುವುದೂ ಅದೇ. ಅದನ್ನು ತೊಳೆದು ಮತ್ತೆ ಅಲ್ಲೇ ಇಳಿಬಿಟ್ಟರೆ ಮುಂದಿನ ಮಳೆಗಾಲಕ್ಕೆ ಇದೇ ಪ್ರಶ್ನೆಯನ್ನು ಮತ್ತೆ ಬರೆಯಬೇಕಾಗುತ್ತದೆ.

ಖಚಿತಪಡಿಸಿಕೊಳ್ಳಲು ಹಗ್ಗ ಕಟ್ಟಿದ ಪಾತ್ರೆಯಿಂದ ಸಂಪಿನ ಮೇಲ್ಪದರದ ನೀರನ್ನು ಎತ್ತಿ ಮೂಸಿ ನೋಡಿ. ಅದಕ್ಕೆ ವಾಸನೆಯಿಲ್ಲದೆ ನಲ್ಲಿಯ ನೀರಿಗೆ ಮಾತ್ರ ಇದ್ದರೆ ನನ್ನ ಮಾತು ಸರಿ.

ಕೆಸರನ್ನು ತೆಗೆಯುವಾಗ ದಯವಿಟ್ಟು ಯಾರೂ ಸಂಪಿಗೆ ಇಳಿಯಬೇಡಿ. ಮುಚ್ಚಿದ ಸಂಪಿನಲ್ಲಿ ಆಮ್ಲಜನಕ ಕಡಿಮೆಯಿರಬಹುದು, ಮತ್ತು ಕೆಸರನ್ನು ಕಲಕಿದಾಗ ಈ ಅನಿಲ ಒಮ್ಮೆಲೇ ಹೊರಬರುತ್ತದೆ. ಅದರ ಪ್ರಮಾಣ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದಂತಾಗುವುದರಿಂದ, ವಾಸನೆ ಹೋಯಿತೆಂದು ಧೈರ್ಯ ತಂದುಕೊಳ್ಳುವುದೇ ಅಪಾಯ. ಮೇಲೆ ನಿಂತು ಸೈಫನ್ ಕೊಳವೆಯಿಂದ ಅಥವಾ ಕೆಸರು ಎತ್ತುವ ಸಣ್ಣ ಸಬ್‌ಮರ್ಸಿಬಲ್ ಪಂಪಿನಿಂದ ತೆಗೆಯಬಹುದು. ಕೆಸರಿರುವಾಗಲೇ ಬ್ಲೀಚಿಂಗ್ ಪುಡಿ ಸುರಿಯುವುದು ದಂಡ. ಕ್ಲೋರಿನ್ನನ್ನೆಲ್ಲ ಕೆಸರೇ ತಿಂದುಹಾಕುತ್ತದೆ.

ಅನಂತರ ಎರಡು ಬದಲಾವಣೆ ಮಾಡಿ. ಮಳೆನೀರು ಸಂಪಿನೊಳಗೆ ಧುಮುಕದಂತೆ ಒಳಬರುವ ಕೊಳವೆಯನ್ನು ತಳದ ಹತ್ತಿರದವರೆಗೆ ಇಳಿಸಿ, ತುದಿಯನ್ನು ಮೇಲ್ಮುಖವಾಗಿ ಬಾಗಿಸಿ; ಹೊಸ ನೀರು ತಳದ ಮಡ್ಡಿಯನ್ನು ಕಲಕದೆ ಮೆಲ್ಲಗೆ ಮೇಲೇರುತ್ತದೆ. ಹೀರುವ ತುದಿಯನ್ನು ತೇಲುವ ಚೆಂಡಿಗೆ ಕಟ್ಟಿ, ನೀರಿನ ಮಟ್ಟಕ್ಕಿಂತ 10ರಿಂದ 15 ಸೆಂಟಿಮೀಟರ್ ಕೆಳಗಿರುವಂತೆ ಮಾಡಿ, ಏಕೆಂದರೆ ಸಂಪಿನಲ್ಲಿ ಅತ್ಯಂತ ತಿಳಿಯಾದ ನೀರಿರುವುದು ಅಲ್ಲೇ. ಅದಕ್ಕೆ ಬಳಸುವ ಮೆದುಕೊಳವೆ ಎಳೆತಕ್ಕೆ ಚಪ್ಪಟೆಯಾಗದಂಥದ್ದಾಗಿರಬೇಕು. ತೇಲುವ ತುದಿ ಓರೆಯಾಗುತ್ತಿರುತ್ತದಾದ್ದರಿಂದ ಭಾರದಿಂದ ಮುಚ್ಚುವ ಹಳೆಯ ಫುಟ್ ವಾಲ್ವ್ ಅಲ್ಲಿ ನೆಚ್ಚಿಕೆಯದಲ್ಲ. ಸ್ಪ್ರಿಂಗ್ ಇರುವ ವಾಲ್ವ್ ಬೇಕು.

ಅಂದ ಹಾಗೆ, ಮೊದಲ ಮಳೆಯ ಕೊಳೆನೀರನ್ನು ಹೊರಬಿಡುವ ಏರ್ಪಾಡು ನಿಮ್ಮಲ್ಲಿ ಇದೆಯೆ?

ಪ್ರಶ್ನೆ ಕೇಳಿದವರಿಂದ

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಪ್ರೆಷರ್ ಟ್ಯಾಂಕಿನ ಸೂಜಿಯನ್ನು ಒತ್ತಿದಾಗ ನೀರೂ ಬರಲಿಲ್ಲ, ಗಾಳಿಯ ಉಸಿರೂ ಬರಲಿಲ್ಲ. ಸೈಕಲ್ ಪಂಪಿನಿಂದ 1.35 ಬಾರ್‌ವರೆಗೆ ಗಾಳಿ ತುಂಬಿದೆ. ತೋಟಕ್ಕೆ ನೀರು ಬಿಡುವಾಗ ಪಂಪ್ ಈಗ ಸಮಾಧಾನವಾಗಿ ಓಡಿ, ಸಮಾಧಾನವಾಗಿ ನಿಲ್ಲುತ್ತದೆ. ಎಚ್ಚರಿಸಿದ್ದಂತೆಯೇ ರಾತ್ರಿಯ ಅಂತರ ಹತ್ತು ನಿಮಿಷದಿಂದ ಸುಮಾರು ಎರಡೂವರೆ ಗಂಟೆಗೆ ಹಿಗ್ಗಿತೇ ಹೊರತು ನಿಲ್ಲಲಿಲ್ಲ. ಮನೆಯ ಕಡೆಯ ವಾಲ್ವ್ ಮುಚ್ಚಿ ಕುಳಿತು ನೋಡಿದೆ. ಮುಳ್ಳು ಇಳಿಯುತ್ತಲೇ ಇತ್ತು.

ವಿದ್ಯುತ್ ಆರಿಸಿ ಹೀರುವ ಕೊಳವೆಯನ್ನು ಮೇಲೆಳೆದಾಗ ಫುಟ್ ವಾಲ್ವಿನ ಜಾಲರಿಗೆ ಕಪ್ಪು ಲೋಳೆ ಅಂಗೈ ದಪ್ಪ ಮೆತ್ತಿಕೊಂಡಿತ್ತು. ಅದನ್ನು ತೊಳೆದು ಬಿಚ್ಚಿದರೆ, ರಬ್ಬರ್ ಬಿಲ್ಲೆಗೂ ಹಿತ್ತಾಳೆಯ ಪೀಠಕ್ಕೂ ನಡುವೆ ಸಾಸಿವೆಗಿಂತ ತುಸು ದೊಡ್ಡದಾದ ಒಂದು ಬೀಜ ಸಿಕ್ಕಿಹಾಕಿಕೊಂಡು, ರಬ್ಬರಿನಲ್ಲಿ ತನ್ನದೇ ಆಕಾರದ ಗುಳಿ ಮಾಡಿಕೊಂಡಿತ್ತು. ಬಿಲ್ಲೆಯನ್ನು ಬದಲಿಸಿದ ಮೇಲೆ ಇಡೀ ರಾತ್ರಿ ಪಂಪ್ ಒಮ್ಮೆಯೂ ಚಾಲೂ ಆಗಿಲ್ಲ. ಮೇಲ್ಪದರದ ನೀರಿಗೆ ವಾಸನೆ ಇರಲಿಲ್ಲ. ಕೆಸರನ್ನು ಮೇಲಿನಿಂದಲೇ ತೆಗೆಸಿದ್ದೇನೆ, ತೇಲುವ ಕೊಳವೆಯ ಕೆಲಸ ಇನ್ನೂ ಬಾಕಿಯಿದೆ.

ಮೊದಲ ಮಳೆಯ ನೀರಿಗಾಗಿ 110 ಮಿಲಿಮೀಟರ್ ವ್ಯಾಸದ, ಎರಡು ಮೀಟರ್ ಉದ್ದದ ಪೈಪನ್ನು ನಿಲ್ಲಿಸಿದ್ದಾರೆ. ಅದು ತುಂಬಿದ ಮೇಲೆ ನೀರು ಸಂಪಿನ ಕಡೆ ತಿರುಗುತ್ತದೆ. ಇಷ್ಟು ಸಾಲದೆ?

ಮೂರನೆಯ ಉತ್ತರ ಬರೆದವರಿಂದ

ಸಾಲದು. ಆ ವ್ಯಾಸದ ಪೈಪು ಮೀಟರಿಗೆ ಸುಮಾರು 8 ಲೀಟರ್ ಹಿಡಿಯುತ್ತದೆ, ಎರಡು ಮೀಟರಿಗೆ 16. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಆದ್ದರಿಂದ ನಿಮ್ಮ 120 ಚದರ ಮೀಟರ್ ಛಾವಣಿಗೆ ಮೊದಲ ಅರ್ಧ ಮಿಲಿಮೀಟರನ್ನಾದರೂ ಹೊರಬಿಡಬೇಕೆಂದರೆ 60 ಲೀಟರ್ ಹಿಡಿಯುವ ಜಾಗ ಬೇಕು, ಹತ್ತಿರದಲ್ಲಿ ಮರಗಳಿದ್ದರೆ 120 ಲೀಟರ್. ಪೈಪಿನ ಬದಲು ಮುಚ್ಚಳವಿರುವ ಒಂದು ಡ್ರಮ್ಮನ್ನು ಅದೇ ಜಾಗದಲ್ಲಿ ಜೋಡಿಸಬಹುದು.

ಅದಕ್ಕಿಂತ ಮೊದಲು ಆ ಪೈಪಿನ ಕೆಳತುದಿಯಲ್ಲಿ ಹನಿಹನಿಯಾಗಿ ನೀರು ಬಸಿಯಲು ಬಿಟ್ಟಿರುವ ಸಣ್ಣ ರಂಧ್ರವನ್ನು ನೋಡಿ. ಅದು ಕಟ್ಟಿಕೊಂಡಿದ್ದರೆ ಪೈಪು ಹಿಂದಿನ ಮಳೆಯ ನೀರಿನಿಂದ ತುಂಬಿಯೇ ನಿಂತಿರುತ್ತದೆ, ಹೊಸ ಮಳೆಯ ಕೊಳೆಯೆಲ್ಲ ಮೊದಲ ಹನಿಯಿಂದಲೇ ಸಂಪಿಗೆ ಹೋಗುತ್ತದೆ.

ಪ್ರಶ್ನೆ ಕೇಳಿದವರಿಂದ

ಈಗಷ್ಟೇ ಹೋಗಿ ಬೆರಳಿನಿಂದ ತಟ್ಟಿ ನೋಡಿದೆ. ವಾರದಿಂದ ಮಳೆಯಿಲ್ಲ, ಆದರೂ ಪೈಪು ಮೇಲಿನವರೆಗೆ ತುಂಬಿದ ಸದ್ದು ಕೊಡುತ್ತಿದೆ. ಕೆಳಗಿನ ಮುಚ್ಚಳ ಸಡಿಲಿಸಿದಾಗ ಕಪ್ಪು ನೀರಿನ ಜೊತೆ ಒಂದು ಬೊಗಸೆ ಕೊಳೆತ ಎಲೆ ಹೊರಬಿತ್ತು.